ಎರಡು ಸಲ ಓದಿದ ಪುಸ್ತಕ

"ಆ ಪುಸ್ತಕಾನಾ? ಎರಡು ಸಲ ಓದಿದೀನಿ," ಎಂದೆ ನಾನು.

ಆಗ ಅವರ ಕಣ್ಣಲ್ಲಿ ಮೂಡಿದ ಮೆಚ್ಚುಗೆಯನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಒಂದು ಸಲವೂ ನಾನದನ್ನು ಓದಿರಲಿಲ್ಲ. ಕೇಳಿದ್ದೆ. ಹೊಲಿಗೆ ಮೆಷಿನ್ ಮುಂದೆ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರದೋ ಪ್ಯಾಂಟಿನ ಅಂಚು ಮಡಚುತ್ತಾ ಮೊದಲಿಂದ ಕೊನೆಯವರೆಗೆ ಎರಡು ಸಲ ಕೇಳಿದ್ದೆ.

ನನ್ನದು ಆಲ್ಟರೇಷನ್ ಅಂಗಡಿ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕಿತ್ತುಹೋದ ಜಿಪ್ ಬದಲಾಯಿಸುವುದು. ಅಮ್ಮ ಪಕ್ಕದಲ್ಲಿ ಕೂತು ಕಾಜ, ಗುಂಡಿ ನೋಡಿಕೊಳ್ಳುತ್ತಾಳೆ. ಶಾಲೆಯನ್ನು ಬೇಗ ಬಿಟ್ಟವಳು ನಾನು. ಓದಲು ಬರುತ್ತದೆ, ಆದರೆ ನಾನು ಒಂದು ಪುಟ ಮುಗಿಸುವಷ್ಟರಲ್ಲಿ ಬೇರೆಯವರು ಐದು ಮುಗಿಸಿರುತ್ತಾರೆ. ದಾರ ಪೋಣಿಸಿ ಪೋಣಿಸಿ ಸಂಜೆಗೆ ಕಣ್ಣು ಉರಿಯುತ್ತದೆ ಬೇರೆ. ಹಾಗಾಗಿ ನನ್ನ ಓದೆಲ್ಲ ಕಿವಿಯಲ್ಲೇ. ನಾಲ್ಕು ವರ್ಷದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಕೇಳಿದ್ದೆ. ಒಮ್ಮೆ ಕಥೆ ಕೇಳುತ್ತಾ ನಗು ತಡೆಯಲಾರದೆ ನಕ್ಕಾಗ, ಎದುರಿಗೆ ಪ್ಯಾಂಟು ಹಾಕಿ ನೋಡುತ್ತಿದ್ದ ಗಿರಾಕಿ ತನ್ನ ಹೊಟ್ಟೆ ನೋಡಿ ನಕ್ಕೆನೆಂದುಕೊಂಡು ಮುನಿಸಿಕೊಂಡಿದ್ದರು.

ನಮ್ಮ ಬೀದಿಯ ಕೊನೆಯ ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಓದುಗರ ಕೂಟ ಸೇರುತ್ತದೆ. ಒಂದು ಉದ್ದ ಮೇಜು, ಸುತ್ತ ಹನ್ನೆರಡು ಕುರ್ಚಿ. ಯಾರು ಏನು ಓದಿದರು, ಇನ್ನೊಬ್ಬರು ಏನು ಓದಬಹುದು, ಇಷ್ಟೇ ಮಾತು. ನಡೆಸುವವರು ಕೆಲಸದಿಂದ ನಿವೃತ್ತರಾದ ಲೈಬ್ರರಿ ಮೇಡಂ. ಅವರ ಕೋಟು ಸಡಿಲಿಸಿ ಕೊಟ್ಟ ದಿನ ನನ್ನನ್ನೂ ಕರೆದರು. ನಾನು ಪುಸ್ತಕ ಕೇಳುವವಳು ಎಂದು ಮೊದಲ ದಿನವೇ ಹೇಳಬೇಕೆಂದು ಹೋಗಿದ್ದೆ. ನನ್ನ ಸರದಿ ಬರುವ ಮೊದಲೇ ಒಬ್ಬ ಪೋಸ್ಟ್‌ಮನ್, ತಾವು ಈಗೀಗ ಆಡಿಯೋಬುಕ್ ಕೇಳುತ್ತಿರುವುದಾಗಿ ಹೇಳಿದರು. ಆಗ ಎದುರು ಕುರ್ಚಿಯಿಂದ ಒಂದು ಮಾತು ಬಂತು.

"ಅದು ಓದಿದ ಲೆಕ್ಕಕ್ಕೆ ಬರಲ್ಲ ಬಿಡಿ ಸಾರ್. ಬೇರೆಯವರು ಜಗಿದು ಕೊಟ್ಟಿದ್ದನ್ನ ನುಂಗಿದ ಹಾಗೆ."

ಎಲ್ಲರೂ ನಕ್ಕರು. ಪೋಸ್ಟ್‌ಮನ್ ಕೂಡ ನಕ್ಕರು. ನಾನೂ ನಕ್ಕೆ. ನಗುತ್ತಲೇ ಇಯರ್‌ಫೋನ್ ಇದ್ದ ಬ್ಯಾಗನ್ನು ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ. ನನ್ನ ಸರದಿ ಬಂದಾಗ "ತುಂಬಾ ಓದ್ತೀನಿ" ಎಂದುಬಿಟ್ಟೆ.

ಆ ಮಾತು ಆಡಿದವರು ಕನ್ನಡಕದಂಗಡಿಯವರು. ಎರಡು ಬೀದಿ ಆಚೆ ಅವರ ಅಂಗಡಿ. ಮೂವತ್ತೈದರ ಆಸುಪಾಸು, ತೆಳ್ಳನೆಯ ಬೆರಳು, ಮಾತಿನಲ್ಲಿ ಸ್ವಲ್ಪ ಜಾಸ್ತಿ ಖಾರ. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದೇ ತೊಂದರೆ. ನಾನು ಪುಸ್ತಕದ ಬಗ್ಗೆ ಮಾತಾಡುವಾಗ ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ನನ್ನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಾದರೂ ಆ ಗಾಜು ಶುಭ್ರವಾಗುತ್ತಿರಲಿಲ್ಲ.

ಮೂರನೇ ತಿಂಗಳು ಮೆಟ್ಟಿಲು ಇಳಿಯುವಾಗ ಕೇಳಿಯೇಬಿಟ್ಟೆ. ಕನ್ನಡಕದ ಅಂಗಡಿಯವರಿಗೆ ಒಂದು ಒಳ್ಳೆಯ ಬಟ್ಟೆ ಸಿಗುವುದಿಲ್ಲವೇ, ನಾನು ತುಂಡು ಕೊಡಲೇ ಎಂದು.

"ಬಟ್ಟೆ ಇದೆ," ಎಂದರು ಅವರು. "ಕನ್ನಡಕ ತೆಗೆದ್ರೆ ನೀವು ನಂಗೆ ಮಸುಕಾಗಿ ಕಾಣ್ತೀರಿ. ಆಗ ಧೈರ್ಯವಾಗಿ ನೋಡಬಹುದು."

ನಾನು ಎರಡು ಮೆಟ್ಟಿಲು ಒಟ್ಟಿಗೆ ಇಳಿದು ಬೀಳುವುದರಲ್ಲಿದ್ದೆ.

ಆಮೇಲೆ ಅವರ ಪ್ಯಾಂಟುಗಳೆಲ್ಲ ಒಂದೊಂದಾಗಿ ನಮ್ಮ ಅಂಗಡಿಗೆ ಬಂದವು. ಒಂದನ್ನು ಅರ್ಧ ಇಂಚು ಗಿಡ್ಡ ಮಾಡಿಸಿ, ಮುಂದಿನ ವಾರ ಅದನ್ನೇ ಅರ್ಧ ಇಂಚು ಬಿಡಿಸಿದರು. ಹೀಗೇ ಬಿಟ್ಟರೆ ಈ ಮನುಷ್ಯ ಕೊನೆಗೆ ಚಡ್ಡಿಯಲ್ಲಿ ಓಡಾಡಬೇಕಾದೀತು ಎಂದಳು ಅಮ್ಮ. ನಾನು ನಕ್ಕೆ, ಆದರೆ ನಗುವಿನ ಬುಡದಲ್ಲಿ ಒಂದು ಮುಳ್ಳು ಇದ್ದೇ ಇತ್ತು. ಅವರು ಬಂದಾಗಲೆಲ್ಲ ಇಯರ್‌ಫೋನ್ ಕಿತ್ತು ಬಾಬಿನ್ ಡಬ್ಬಿಗೆ ಹಾಕುತ್ತಿದ್ದೆ. ಅವರು ಮೆಚ್ಚಿದ್ದು ತುಂಬಾ ಓದಿದ ಯಾರೋ ಒಬ್ಬಳನ್ನು. ಆ ಹೆಂಗಸು ನಾನಾಗಿರಲಿಲ್ಲ.

ಒಂದು ಭಾನುವಾರ ಅವರು ಕೂಟ ಮುಗಿದ ಮೇಲೂ ಕೂತೇ ಇದ್ದರು. ಅವರ ಅಕ್ಕ ಈಗ ತಮ್ಮನ ಮನೆಯಲ್ಲೇ ಇದ್ದಾರೆಂದೂ, ಆರು ತಿಂಗಳ ಹಿಂದೆ ಮೂರು ವರ್ಷದ ಮಗಳನ್ನು ಜ್ವರಕ್ಕೆ ಕಳೆದುಕೊಂಡರೆಂದೂ ಆವತ್ತೇ ನನಗೆ ತಿಳಿದದ್ದು. ಅಕ್ಕ ಮೊದಲು ತುಂಬಾ ಓದುತ್ತಿದ್ದರಂತೆ. ಈಗ ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತಾರಂತೆ. ಅವರಿಗೆ ಕೊಡಲು ಹಗುರವಾದ ಒಂದು ಪುಸ್ತಕ ಹೇಳಿ ಎಂದರು.

ನನಗೆ ತಕ್ಷಣ ಹೊಳೆದದ್ದು ಇಬ್ಬರು ಅಕ್ಕತಂಗಿಯರು ದೋಣಿ ನಡೆಸುವ ಆ ಕಾದಂಬರಿ. ದೋಣಿ ಹತ್ತುವ ಒಬ್ಬೊಬ್ಬರದೂ ಒಂದೊಂದು ತಮಾಷೆ. ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

"ಅದ್ರಲ್ಲಿ ಸಾವು ಗೀವು ಏನೂ ಇಲ್ಲ ತಾನೆ? ಮುಖ್ಯವಾಗಿ ಮಗು," ಎಂದು ಕೇಳಿದರು.

ಆಗಲೇ ನಾನು ಆ ಮಾತು ಹೇಳಿದ್ದು. ಎರಡು ಸಲ ಓದಿದೀನಿ, ಕಣ್ಣೀರು ತರಿಸೋ ಒಂದು ಸಾಲೂ ಇಲ್ಲ ಎಂದು. ಅವರು ಕೆಳಗಿನ ಕಪಾಟಿನಿಂದ ಆ ಪುಸ್ತಕ ತೆಗೆದುಕೊಂಡು ಹೋದರು.

ಗುರುವಾರ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಪ್ಯಾಂಟು ಇರಲಿಲ್ಲ. ಪುಸ್ತಕವಿತ್ತು. ಹದಿನೇಳನೇ ಅಧ್ಯಾಯ ತೆರೆದು ಕತ್ತರಿಸುವ ಮೇಜಿನ ಮೇಲಿಟ್ಟರು. ಮೊದಲ ಸಾಲಿನಿಂದ ನನಗೆ ಪರಿಚಯವೇ ಇಲ್ಲದ ಅಧ್ಯಾಯ. ಬೆರಳಿಟ್ಟು ಓದುತ್ತಾ ಹೋದೆ. ದೋಣಿಯಲ್ಲಿ ಒಬ್ಬ ತಾಯಿ, ಮಡಿಲಲ್ಲಿ ಪುಟ್ಟ ಹುಡುಗಿ. ಪುಟದ ಕೊನೆಗೆ ಬರುವಷ್ಟರಲ್ಲಿ ಆ ಹುಡುಗಿ ನೀರಿನಲ್ಲಿದ್ದಳು.

ಅಕ್ಕ ಎರಡು ದಿನದಿಂದ ಕೋಣೆಯ ಬಾಗಿಲು ತೆರೆದಿಲ್ಲ ಎಂದರು ಅವರು. ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ನಿಜ ಹೇಳಲು ಅದೊಂದು ಗಳಿಗೆ ಸಿಕ್ಕಿತ್ತು. ನಾನು ಹೇಳಿದ್ದು ಇನ್ನೊಂದು ಸುಳ್ಳು. "ಇದು... ಮರೆತುಹೋಗಿತ್ತು."

"ಮರೆಯೋ ಅಂಥದ್ದಾ ಇದು?" ಎಂದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕನ್ನಡಕ ಹಾಕಿಕೊಂಡೇ ನೋಡಿದರು. "ಇದನ್ನ ಓದಿ ಮರೆಯೋಕೆ ಕಲ್ಲಿನಂಥ ಮನಸ್ಸು ಬೇಕು. ನೀವು ಅಂಥೋರು ಅಂತ ಗೊತ್ತಿರಲಿಲ್ಲ."

ಪುಸ್ತಕವನ್ನು ಅಲ್ಲೇ ಬಿಟ್ಟು ಹೋದರು.

ಫೋನು ತೆಗೆದು ಆ ಆಡಿಯೋಬುಕ್‌ನ ಪುಟ ನೋಡಿದೆ. ಕೆಳಗೆ, ಯಾರೂ ನೋಡದಷ್ಟು ಸಣ್ಣ ಅಕ್ಷರದಲ್ಲಿ, 'ಸಂಕ್ಷಿಪ್ತ ಆವೃತ್ತಿ' ಎಂದಿತ್ತು. ಒಂದು ಅಧ್ಯಾಯವನ್ನೇ ಕತ್ತರಿಸಿ, ಹೊಲಿಗೆ ಕಾಣದ ಹಾಗೆ ಎರಡು ತುದಿ ಸೇರಿಸಿದ್ದರು. ನನ್ನ ಕೆಲಸವೇ ಅದು, ಆದರೂ ನನಗೆ ಗೊತ್ತಾಗಿರಲಿಲ್ಲ.

ಮೂರು ದಿನ ನಾನು ಯಾವ ಕಥೆಯನ್ನೂ ಕೇಳಲಿಲ್ಲ. ಬಿಡುವಾದಾಗಲೆಲ್ಲ ಆ ಪುಸ್ತಕವನ್ನು ಓದಿದೆ, ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು, ಸಣ್ಣ ಮಕ್ಕಳ ಹಾಗೆ. ಅಮ್ಮ ಬಾಯಿ ಬಿಡಿಸಿ ಎಲ್ಲವನ್ನೂ ತಿಳಿದುಕೊಂಡಳು. ಅವರ ಮನೆಗೆ ಹೋಗಿ ನಿಜ ಹೇಳಿದರೆ ಇರುವ ಮರ್ಯಾದೆಯೂ ಹೋಗುತ್ತದೆ ಎಂದೆ.

"ಅದು ಆಗ್ಲೇ ಹೋಗಿದೆ," ಎಂದಳು ಅಮ್ಮ, ಗುಂಡಿಯ ದಾರ ಹಲ್ಲಿನಲ್ಲಿ ಕಡಿಯುತ್ತಾ. "ಇನ್ನು ಹೋಗೋದಕ್ಕೆ ನೀನೊಬ್ಳೇ ಬಾಕಿ. ಹೋಗು."

ಭಾನುವಾರ ಬೆಳಿಗ್ಗೆ ಹೋದೆ. ಅವರು ಕೂಟದಲ್ಲಿರುವ ಹೊತ್ತನ್ನು ನೋಡಿಕೊಂಡೇ ಹೋದೆ. ಅಷ್ಟು ಹೇಡಿತನ ಇನ್ನೂ ಉಳಿದಿತ್ತು.

ಬಾಗಿಲು ತೆರೆದ ಅಕ್ಕನಿಗೆ ತಮ್ಮನದೇ ತೆಳ್ಳನೆಯ ಬೆರಳುಗಳು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಗುರುತು ಹಿಡಿದರು. "ಎರಡು ಸಲ ಓದಿದೋಳು ನೀನೇನಾ?"

"ಒಂದು ಸಲಾನೂ ಓದಿರಲಿಲ್ಲ ಅಕ್ಕಾ. ಕೇಳಿದ್ದೆ. ಅದ್ರಲ್ಲಿ ಈ ಅಧ್ಯಾಯ ಕತ್ತರಿಸಿದ್ರು. ನಿಮ್ಮ ತಮ್ಮನ ಮುಂದೆ ದೊಡ್ಡೋಳು ಅನ್ನಿಸ್ಕೋಬೇಕು ಅಂತ ಓದಿದೀನಿ ಅಂದೆ. ಅದಕ್ಕೆ ನಿಮಗೆ ನೋವಾಯ್ತು."

ಇಷ್ಟನ್ನು ಹೇಳುವಾಗ ನಾನು ನೋಡುತ್ತಿದ್ದದ್ದು ನನ್ನ ಚಪ್ಪಲಿಯನ್ನು. ಬೈಯಲಿ ಎಂದು ಕಾದೆ. ಅಕ್ಕ ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಒಳಗೆ ಬಾ ಎಂದು ಕುರ್ಚಿ ತೋರಿಸಿ, ತಾವು ಕಿಟಕಿ ಪಕ್ಕ ಕೂತರು.

ಪುಸ್ತಕಕ್ಕೆ ಕೈ ಚಾಚಿ ಆ ಅಧ್ಯಾಯ ತೆರೆದರು. "ಮಗು ಸಾಯೋ ಪುಟಕ್ಕೆ ನಾನು ಬಾಗಿಲು ಹಾಕ್ಕೊಂಡಿದ್ದಲ್ಲ. ಮುಂದಿನ ಪುಟದಲ್ಲಿ ಎಲ್ಲರೂ ಮತ್ತೆ ನಗ್ತಾರೆ ನೋಡು, ಅದಕ್ಕೆ. ಇಲ್ಲೂ ಹಾಗೇ ಆಯ್ತು. ಅವಳ ಹೆಸರು ಈ ಮನೇಲಿ ಯಾರ ಬಾಯಲ್ಲೂ ಬರಲ್ಲ. ನನ್ನ ತಮ್ಮ ಮಾತಾಡೋ ಬದಲು ಪುಸ್ತಕ ತಂದುಕೊಡ್ತಾನೆ."

ಮಗಳು ಹೇಗಿದ್ದಳು ಎಂದು ಕೇಳಿದೆ.

ಅಕ್ಕ ಹೇಳಿದರು. ಚಪ್ಪಲಿಯನ್ನು ಯಾವಾಗಲೂ ಅದಲುಬದಲು ಹಾಕಿಕೊಳ್ಳುತ್ತಿದ್ದಳಂತೆ, ತಿದ್ದಿದರೆ ಅಳುತ್ತಿದ್ದಳಂತೆ. ಮಾವನ ಅಂಗಡಿಯಲ್ಲಿ ಗಾಜಿಲ್ಲದ ಫ್ರೇಮು ಹಾಕಿಕೊಂಡು ಬಂದವರನ್ನೆಲ್ಲ ಹೆದರಿಸುತ್ತಿದ್ದಳಂತೆ. ಹೇಳುತ್ತಾ ನಕ್ಕರು, ನಗುತ್ತಾ ಅತ್ತರು. ನಾನು ಬರೀ ಕೇಳಿದೆ.

ಅವರ ಮಾತು ಮುಗಿದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಕೂಟ ಮುಗಿಸಿ ಬಂದ ಅವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ಗೊತ್ತಿಲ್ಲ. ಕಣ್ಣು ಕೆಂಪಾಗಿತ್ತು. ನಾನು ಎದ್ದು ನಿಂತು, ಅಕ್ಕನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಕೂಟದಲ್ಲಿ ಇಲ್ಲಿಯವರೆಗೆ ನಾನು ಹೇಳಿದ ಪುಸ್ತಕಗಳೆಲ್ಲ ಕೇಳಿದ್ದೇ ಹೊರತು ಒಂದೂ ಓದಿದ್ದಲ್ಲ ಎಂದೂ ಹೇಳಿದೆ. ಅವರು ಏನೋ ಹೇಳಲು ಬಾಯಿ ತೆರೆದರು. ಕೇಳಿಸಿಕೊಳ್ಳುವ ಧೈರ್ಯವಿಲ್ಲದೆ ಮೆಟ್ಟಿಲಿಳಿದು ಬಂದುಬಿಟ್ಟೆ.

ಮುಂದಿನ ಎರಡು ಭಾನುವಾರ ನಾನು ಕೂಟದ ಕಡೆ ತಲೆ ಹಾಕಲಿಲ್ಲ. ಗ್ರಂಥಾಲಯದ ಬೀದಿ ಬಿಟ್ಟು ಸುತ್ತಿ ಬಳಸಿ ಓಡಾಡಿದೆ. ಮೇಡಂ ಫೋನು ಮಾಡಿದರೆ ಕೆಲಸ ಜಾಸ್ತಿ ಎಂದೆ.

ಮೂರನೇ ವಾರ ಒಂದು ಮಧ್ಯಾಹ್ನ ಕನ್ನಡಕದಂಗಡಿಯವರು ಬಂದರು. ನಾನು ಹಳದಿ ಪರದೆಯೊಂದರ ಅಂಚು ಹೊಲಿಯುತ್ತಿದ್ದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಕೈ ಅಭ್ಯಾಸದಿಂದ ಕಿವಿಯ ಕಡೆ ಹೋಯಿತು, ಆಮೇಲೆ ನಿಂತಿತು. ಇನ್ನು ಯಾರಿಂದ ಮುಚ್ಚಿಡುವುದು?

ಅಮ್ಮ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಬಿಳಿ ಗುಂಡಿ ಮುಗಿದಿದೆ, ತರುತ್ತೇನೆ ಎಂದು ಹೊರಟಳು. ಅವಳ ಮಡಿಲಲ್ಲಿದ್ದ ಡಬ್ಬಿಯ ತುಂಬಾ ಬಿಳಿ ಗುಂಡಿಗಳಿದ್ದವು.

ಅವರು ಮೇಜಿನ ಆಚೆ ನಿಂತೇ ಇದ್ದರು. ಅಳತೆ ಟೇಪನ್ನು ಕೈಗೆತ್ತಿಕೊಂಡು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಆವತ್ತು ಪೋಸ್ಟ್‌ಮನ್‌ಗೆ ನಾನಂದ ಮಾತು," ಎಂದರು, "ನೀವೂ ನಕ್ಕಿದ್ರಿ. ಆ ನಗುವಿನ ಹಿಂದೆ ಏನಿತ್ತು ಅಂತ ಈಗ ಯೋಚನೆ ಮಾಡಿದ್ರೆ ನಂಗೆ ತಲೆ ಎತ್ತೋಕಾಗಲ್ಲ. ನೀವು ಸುಳ್ಳು ಹೇಳಿದ್ದು ಹೌದು. ಹೇಳೋ ಹಾಗೆ ಮಾಡಿದ್ದು ನಾನು."

ಅದು ಹಾಗಲ್ಲ, ಸುಳ್ಳು ನನ್ನದೇ ಎಂದೆ. ಅವರು ಬಿಡಲಿಲ್ಲ. ಅಕ್ಕನ ಜೊತೆ ಮಗಳ ಬಗ್ಗೆ ಮಾತಾಡಲು ನನಗೆ ಭಯವಿತ್ತು, ಪುಸ್ತಕ ತಂದುಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ, ಇದು ನಿಮ್ಮ ಸುಳ್ಳಿಗಿಂತ ದೊಡ್ಡ ಸುಳ್ಳು ಎಂದರು. ಈಗ ದಿನಾ ಸಂಜೆ ಇಬ್ಬರೂ ಮಾತಾಡುತ್ತಾರಂತೆ. ನಿನ್ನೆ ಅಕ್ಕ, ಆ ಟೈಲರ್ ಹುಡುಗಿಯನ್ನು ಯಾಕೆ ಕರೆಯುವುದಿಲ್ಲ, ನಿನಗೆ ಕಣ್ಣಿಲ್ಲವೇ ಎಂದು ಬೈದರಂತೆ.

"ನಂಗೆ ನೀವು ಇಷ್ಟ," ಎಂದರು. "ತುಂಬಾ ಓದಿದೋರು ಅಂತಲ್ಲ. ಯಾರೂ ಕೇಳದೇ ಇದ್ದಿದ್ದನ್ನ ಹೋಗಿ ಕೇಳಿದ್ರಲ್ಲ, ಅದಕ್ಕೆ. ಕಲ್ಲಿನಂಥ ಮನಸ್ಸು ಅಂದಿದ್ನಲ್ಲ, ಅದನ್ನ ವಾಪಸ್ ತಗೋತೀನಿ."

ಮೆಷಿನ್ ನಿಂತಿತ್ತು. ನನ್ನ ಮುಖ ಪರದೆಯ ಮೇಲೆ ಬಾಗಿತ್ತು. ಇಷ್ಟು ದಿನ ಸುಟ್ಟದ್ದೂ ನಾಚಿಕೆಯೇ, ಈಗ ಕೆನ್ನೆಗೆ ಏರುತ್ತಿದ್ದದ್ದೂ ನಾಚಿಕೆಯೇ. ಎರಡಕ್ಕೂ ಒಂದೇ ಹೆಸರು ಇಟ್ಟವರು ಯಾರೋ ಎಂದುಕೊಂಡೆ.

ಏನು ಕೇಳುತ್ತಿದ್ದೀರಿ ಎಂದು ಕೇಳಿದರು. ಒಬ್ಬ ಗಡಿಯಾರ ರಿಪೇರಿಯವನ ಕಥೆ ಎಂದೆ.

"ಚೆನ್ನಾಗಿದೆಯಾ?"

ಆಹಾ, ಎರಡು ಸಲ ಮುಗಿಸಿದೆ ಎನ್ನುವ ಚಟ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಗೊತ್ತಿಲ್ಲ. ಇನ್ನೂ ಅರ್ಧ ಬಾಕಿ ಇದೆ."

"ಹಾಗಾದ್ರೆ ಉಳಿದರ್ಧ ಒಟ್ಟಿಗೆ ಕೇಳೋಣ್ವಾ?"

ಅಮ್ಮನ ಸ್ಟೂಲನ್ನು ಕಾಲಿನಿಂದ ನನ್ನ ಪಕ್ಕಕ್ಕೆ ಎಳೆದು, ಅದರ ಮೇಲಿದ್ದ ದಾರದ ಚೂರುಗಳನ್ನು ಕೈಯಿಂದ ಸವರಿ ಜಾಗ ಮಾಡಿಕೊಟ್ಟೆ.