ಗುಳ್ಳೆಯೊಳಗಿನ ಗಾಳಿ

ಮನುಷ್ಯರೇ ಇಲ್ಲದಿದ್ದ ಕಾಲದ ಗಾಳಿ ಹಿಮದೊಳಗೆ ಗುಳ್ಳೆಯಾಗಿ ಸಿಕ್ಕಿಕೊಂಡಿರುತ್ತದೆ. ಅದನ್ನು ಅಳೆಯುವುದೇ ನನ್ನ ಸಂಶೋಧನೆ. ನಾನು ವರ್ಷಗಟ್ಟಲೆ ಕಾದಿದ್ದ ಅಂಥ ಮಂಜುಗಡ್ಡೆ ಆ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ತುಂಡನ್ನು ಗಾಜಿನ ಜಾಡಿಯಲ್ಲಿಟ್ಟು, ಬಿಗಿಯಾಗಿ ಮುಚ್ಚಿ ಕರಗಿಸಿದೆ. ಗಾಳಿ ಅಳೆದ ಯಂತ್ರದ ಅಂಕಿ ನೋಡಿ ಗೈಡ್ ಮೇಡಂ ಹುಬ್ಬು ಗಂಟಿಕ್ಕಿದರು.

“ಇದು ಮನುಷ್ಯರು ಬಿಟ್ಟ ಉಸಿರು ಕಣೇ. ಜಾಡಿಯೊಳಗೆ ಊದಿಬಿಟ್ಯಾ?”

“ಮಾಸ್ಕ್ ತೆಗೆದೇ ಇಲ್ಲ ಮೇಡಂ.”

“ಇನ್ನೊಂದು ತುಂಡು ತಾ. ನಾನೇ ಮಾಡ್ತೀನಿ.”

ಅದರಲ್ಲೂ ಅದೇ ಅಂಕಿ ಬಂತು. ಯಂತ್ರವೇ ಕೆಟ್ಟಿರಬೇಕು ಅಂತ ಇಬ್ಬರೂ ನಗುತ್ತಿದ್ದೆವು. ಆಗ ಜಾಡಿಯ ಗಾಜಿನ ಮೇಲೆ ಆವಿ ಕಟ್ಟಿತು, ಮಾಯವಾಯಿತು, ಮತ್ತೆ ಕಟ್ಟಿತು.

“ಉಸಿರು ಬಿಗಿಹಿಡಿ,” ಅಂದರು ಮೇಡಂ.

ಇಬ್ಬರೂ ಹಿಡಿದೆವು. ಆವಿ ಬಂದು ಹೋಗುವುದು ನಿಲ್ಲಲಿಲ್ಲ. ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. ಅದಿದ್ದದ್ದು ಗಾಜಿನ ಒಳಗಡೆ.