ಆರು ನಲವತ್ತರ ಮೆಸೇಜು

ಅವನ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಅವನ ಮೆಸೇಜು ಅವಳ ಕೈಯಲ್ಲಿತ್ತು.

'ಗುಡ್ ಮಾರ್ನಿಂಗ್ ಸೂಜಿ. ಡಿಪೋದ ಗೋಡೆಗೆ ಒರಗಿ ಚಹಾ ಕುಡೀತಾ ಇದ್ದೀನಿ. ಮೊದಲ ಗುಟುಕು ನಿನ್ನ ಹೆಸರಿಗೆ.'

ಬಸ್ಸು ಆಗ ಸೇತುವೆ ದಾಟುತ್ತಿತ್ತು. ಡಿಪೋ ಬಿಟ್ಟು ಇಪ್ಪತ್ತೈದು ನಿಮಿಷವಾಗಿತ್ತು. ಗೋಡೆಯೂ ಇಲ್ಲ, ಚಹಾವೂ ಇಲ್ಲ. ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತಿದ್ದ ಅವಳಿಗೆ ಅವನ ಬೆರಳುಗಳು ಒಂದೊಂದೂ ಕಾಣುತ್ತಿದ್ದವು. ಹೆಬ್ಬೆರಳಿನ ಮೇಲಿನ ಹಳೆಯ ಗಾಯದ ಗೆರೆಯೂ ಕಾಣುತ್ತಿತ್ತು. ಅವಳು ಟೈಮ್ ನೋಡಿದಳು. ಸರಿಯಾಗಿ ಆರು ನಲವತ್ತು.

ಸರ್ಪ್ರೈಸ್ ಕೊಡೋಣವೆಂದು ಹಿಂದಿನ ಬಾಗಿಲಿನಿಂದ ಹತ್ತಿ, ಜನರ ಮಧ್ಯೆ ನುಸುಳಿ ಬಂದವಳು ತಾನೇ ಬೆಪ್ಪಾಗಿ ನಿಂತಳು. ಮತ್ತೊಮ್ಮೆ ಮೆಸೇಜು ಓದಿದಳು, ಮತ್ತೊಮ್ಮೆ ಕೈ ನೋಡಿದಳು. ಕೈ ಗೇರ್ ಬದಲಾಯಿಸಿತು.

ಅವಳದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಖಾಲಿ ಹೊಟ್ಟೆಯಲ್ಲಿ ಬಂದವರ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ರಕ್ತ ತೆಗೆಯಬೇಕು. ಇವತ್ತು ಲ್ಯಾಬಿಗೆ ಬಣ್ಣ ಹೊಡೆಯುತ್ತಿದ್ದರಿಂದ ರಜೆ. ಅವನು ಬಸ್ಸಿನವನು. ಏಳು ತಿಂಗಳ ಹಿಂದೆ ಇದೇ ಬಸ್ಸಿನಲ್ಲಿ ಅವನು ಹಾಕಿದ ಬ್ರೇಕಿಗೆ ಅವಳ ತೊಡೆಯ ಮೇಲಿದ್ದ ಸ್ಯಾಂಪಲ್ ಡಬ್ಬಿ ಹಾರಿ ಅವನ ಕಾಲಬುಡಕ್ಕೆ ಬಿದ್ದಿತ್ತು.

"ಇದೇನು ಬಸ್ಸೋ, ಬಟ್ಟೆ ಒಗೆಯೋ ಮಿಷನ್ನೋ?" ಅಂದಿದ್ದಳು ಅವಳು.

"ನೀವು ಚುಚ್ಚೋದು ಬರೀ ಸೂಜೀಲಿ ಅಂದ್ಕೊಂಡಿದ್ದೆ," ಅಂದಿದ್ದ ಅವನು, ಡಬ್ಬಿ ಎತ್ತಿ ಕೊಡುತ್ತಾ.

ಡಬ್ಬಿಯ ಮೇಲಿದ್ದ ಲ್ಯಾಬಿನ ಹೆಸರು ಹಿಡಿದು ಅದೇ ಸಂಜೆ ಅವಳನ್ನು ಆನ್‌ಲೈನಿನಲ್ಲಿ ಹುಡುಕಿದ. ಅವಳು ಸೂಜಿಯಾದಳು, ಅವನು ಬ್ರೇಕು ಆದ. ಇಬ್ಬರ ಹೆಸರಿನ ಪಕ್ಕ ಪುಟ್ಟ ಬೆಂಕಿಯ ಗುರುತು ಹೊತ್ತಿಕೊಂಡಿತು. ಒಂದು ದಿನವೂ ತಪ್ಪದೆ ಮಾತಾಡಿದರೆ ಆ ಬೆಂಕಿಯ ಪಕ್ಕದ ಸಂಖ್ಯೆ ಏರುತ್ತದೆ, ಒಂದು ದಿನ ತಪ್ಪಿದರೆ ಆರಿಹೋಗುತ್ತದೆ. ಇವತ್ತಿಗೆ ಇನ್ನೂರ ಹನ್ನೆರಡು. ಲ್ಯಾಬಿನ ಹುಡುಗಿಯರೆಲ್ಲ ಆ ಸಂಖ್ಯೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಎದುರಿಗೆ ಸಿಕ್ಕರೆ ಮಾತ್ರ ಇಬ್ಬರ ಬಾಯಿಗೂ ಬೀಗ. ಸಿಕ್ಕಿದ್ದೇ ಹನ್ನೊಂದು ಸಲ. ಕಾಫಿ ಕಪ್ಪುಗಳನ್ನು ಪಕ್ಕಪಕ್ಕ ಇಟ್ಟು ಫೋಟೋ ತೆಗೆದು, ಹಾಕಿ, ಎಷ್ಟು ಹೃದಯ ಬಂದವು ಎಂದು ತಲೆ ಬಗ್ಗಿಸಿ ನೋಡಿ, ಎದ್ದು ಬರುತ್ತಿದ್ದರು. ಪಾಪ, ನಾಚಿಕೆ ಸ್ವಭಾವ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಬರೆಯುವಾಗ ಹೊಳೆಯಂತೆ ಹರಿಯುತ್ತಾನಲ್ಲ, ಸಾಕು ಎಂದುಕೊಂಡಿದ್ದಳು. ಆ ಹೊಳೆಯನ್ನು ನಂಬಿಯೇ, ಬರುವ ಭಾನುವಾರ ಅವನ ಅಮ್ಮ ಮನೆಗೆ ಬಂದು ಹೆಣ್ಣು ಕೇಳಿದಾಗ ಹೂಂ ಅನ್ನುವುದೆಂದು ತೀರ್ಮಾನಿಸಿದ್ದಳು. ಇವತ್ತು ಗುರುವಾರ.

ಕನ್ನಡಿಯಲ್ಲಿ ಅವನ ಕಣ್ಣು ಮೇಲೆದ್ದವು. ಹಿಂದಿನ ಸಾಲು ನೋಡಿದವು, ಬಾಗಿಲು ನೋಡಿದವು, ಅವಳ ಮೇಲೆ ಬಂದು ನಿಂತವು. ಮೊದಲು ಅರಳಿದವು. ಆಮೇಲೆ ಅವಳ ಕೈಯಲ್ಲಿದ್ದ ಫೋನ್ ಕಂಡವು, ಸೀಟಿನ ಮೇಲಿನ ಗಡಿಯಾರ ಕಂಡವು. ಬಸ್ಸು ಗಕ್ಕನೆ ನಿಂತಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

"ಏನ್ ತಮ್ಮಾ, ನಾಯಿ ಅಡ್ಡ ಬಂತಾ?" ಎಂದು ಹಿಂದಿನಿಂದ ಕಂಡಕ್ಟರ್ ಕೂಗಿದ.

"ಇಲ್ಲಣ್ಣ," ಎಂದ ಅವನು.

ಏಳು ಗಂಟೆಗೆ ಕೊನೆಯ ನಿಲ್ದಾಣ. ಜನ ಇಳಿದರು. "ಹನ್ನೆರಡು ನಿಮಿಷ ಇದೆ," ಎಂದು ಹೇಳಿ ಕಂಡಕ್ಟರ್ ಕೂಡ ಇಳಿದು ಕಟ್ಟೆಯ ಮೇಲೆ ಕೂತ. ಖಾಲಿ ಬಸ್ಸಿನಲ್ಲಿ ಅವರಿಬ್ಬರೇ ಉಳಿದರು.

"ನಿನ್ ಫೋನ್ ಎಲ್ಲಿ?" ಅವಳು ಕೇಳಿದಳು.

"ಡಿಪೋದಲ್ಲಿ. ಗಾಡಿ ಹತ್ತೋ ಮುಂಚೆ ಎಲ್ಲ ಡ್ರೈವರೂ ಡಬ್ಬೀಲಿ ಹಾಕಿ ಬರಬೇಕು. ರೂಲು."

"ಚಹಾ ಕುಡಿದ್ಯಾ?"

"ಇನ್ನೂ ಇಲ್ಲ."

ಅವಳು ಫೋನ್ ಅವನ ಕೈಗೆ ಕೊಟ್ಟಳು. ಅವನು ತನ್ನದೇ ಮೆಸೇಜನ್ನು ಬೇರೆಯವರ ಪತ್ರ ಓದುವಂತೆ ಓದಿದ. ಕಿವಿಯ ತುದಿ ಕೆಂಪಾಯಿತು.

"ಟೈಮ್ ಹಾಕಿ ಇಡಬಹುದು," ಎಂದ ಮೆಲ್ಲಗೆ. "ಸೋಮವಾರ ನನಗೆ ರಜೆ. ಕೂತು ಏಳು ದಿನದ್ದೂ ಬರೆದು ಟೈಮ್ ಹಾಕ್ಬಿಡ್ತೀನಿ. ಅದು ತಾನಾಗೇ ಹೋಗುತ್ತೆ. ಇಲ್ದಿದ್ರೆ ಬೆಂಕಿ ಆರುತ್ತೆ, ನಿಂಗೆ ಬೇಜಾರಾಗುತ್ತೆ ಅಂತ."

"ಏಳೂ ನೀನೇ ಬರೆದಿದ್ದಾ?"

"ಮೊದಮೊದಲು ನಾನೇ. ಆಮೇಲೆ ಒಂದು ಪೇಜ್ ಸಿಕ್ತು. ಅಲ್ಲಿಂದ ಎತ್ತಿದ್ದೂ ಇದೆ."

"ನೀನು ನಕ್ಕರೆ ಬೀದಿ ದೀಪ ಆರಿಸಿಬಿಡಬಹುದು ಅಂದಿದ್ದು?"

"ಎತ್ತಿದ್ದು."

ಆ ಸಾಲನ್ನು ಅವಳು ಬೀರುವಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿಕೊಂಡಿದ್ದಳು. ದಿನಾ ಬಟ್ಟೆ ತೆಗೆಯುವಾಗ ಓದಿ ನಗುತ್ತಿದ್ದಳು. ಈಗ ಅದನ್ನು ನೆನೆದರೆ ನಾಚಿಕೆಯಿಂದ ಸಾಯುವಂತಾಯಿತು. ಇನ್ನೂರ ಹನ್ನೆರಡು ದಿನ ತಾನು ಒಂದು ಅಲಾರಮ್ಮಿಗೆ ಮನಸ್ಸು ಕೊಟ್ಟಿದ್ದೆನೇ ಎಂದು ಎದೆ ಧಗಧಗ ಅಂದಿತು. ಈ ಉರಿಯಲ್ಲಿ ಒಂದು ವಿಷಯ ಮಾತ್ರ ಅವಳಿಗೆ ನೆನಪಾಗಲೇ ಇಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ ನೋಡಿ.

"ನೀನೆಷ್ಟು ಚೆನ್ನಾಗಿ ಉತ್ತರ ಕೊಡ್ತಿದ್ದೆ," ಅವನು ಹೇಳುತ್ತಿದ್ದ. "ಅದನ್ನ ಓದೋಕೇ ಹನ್ನೊಂದು ಗಂಟೆಗೆ ಡಿಪೋಗೆ ಓಡ್ತಿದ್ದೆ. ಅಷ್ಟು ಚೆಂದ ಬರೆಯೋಳಿಗೆ ನಾನು ಸಪ್ಪೆಸಪ್ಪೆಯಾಗಿ ಬರೆದ್ರೆ..."

ಅವನ ಕೈಯಲ್ಲಿದ್ದ ಅವಳ ಫೋನ್ ಟಿಂಗ್ ಅಂದಿತು.

ಇಬ್ಬರೂ ಬಗ್ಗಿ ನೋಡಿದರು. ಅವಳ ಹೆಸರಿನಲ್ಲಿ, ಅವಳ ನಗುಮುಖದ ಫೋಟೋದ ಕೆಳಗೆ, ಅವರ ಕಣ್ಣೆದುರಿಗೇ ಒಂದು ಉತ್ತರ ಮೂಡಿತು: 'ಪುಣ್ಯ ಮಾಡಿದ್ದು ಚಹಾ ಲೋಟ. ನಾನು ಇಲ್ಲಿ ಬರೀ ಹಬೆ ನೋಡ್ತಾ ಕೂತಿದ್ದೀನಿ ಬ್ರೇಕು.'

ಅವಳ ಎರಡೂ ಕೈ ಖಾಲಿಯಾಗಿದ್ದವು. ಅವನು ಆ ಕೈಗಳನ್ನು ನೋಡಿದ, ಫೋನ್ ನೋಡಿದ, ಮತ್ತೆ ಕೈಗಳನ್ನು ನೋಡಿದ. ಈಗ ಬೆಪ್ಪಾಗುವ ಸರದಿ ಅವನದು.

"ಇದ್ಯಾರು?"

"ಪುಟ್ಟಿ. ನನ್ನ ತಂಗಿ."

ಹೇಳದೆ ವಿಧಿಯಿರಲಿಲ್ಲ, ಹೇಳಿದಳು. ಲ್ಯಾಬಿನಲ್ಲಿ ಕೈಗೆ ಗ್ಲೌಸು, ಫೋನ್ ಲಾಕರಿನಲ್ಲಿ. ಐದು ಗಂಟೆ ಸುಮ್ಮನಿದ್ದರೆ ಅವನೇನು ತಿಳಿದುಕೊಳ್ಳುತ್ತಾನೋ ಎಂದು ಕಾಲೇಜು ಓದುವ ತಂಗಿಯ ಫೋನಿನಲ್ಲೂ ತನ್ನ ಅಕೌಂಟ್ ತೆರೆದುಕೊಟ್ಟಿದ್ದಳು. ಮೊದಲು 'ಗುಡ್ ಮಾರ್ನಿಂಗ್' ಎಂದಷ್ಟೇ ಹಾಕುವ ಮಾತಾಗಿತ್ತು. ಪುಟ್ಟಿಯ ಬಾಯಿ ದೊಡ್ಡದು, ಬೆರಳು ಇನ್ನೂ ದೊಡ್ಡದು. ದಿನಾ ಹನ್ನೊಂದಕ್ಕೆ ತನ್ನದೇ ಉತ್ತರಗಳನ್ನು ಓದಿ ಅಕ್ಕನಿಗೆ ಅರ್ಧ ಹೆಮ್ಮೆ, ಅರ್ಧ ಹೊಟ್ಟೆಕಿಚ್ಚು ಆಗುತ್ತಿತ್ತು.

ಅವನು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಹಾಗಾದ್ರೆ ನಾನು ಇಷ್ಟಪಟ್ಟಿದ್ದು ಯಾರನ್ನ?"

ಏಳು ತಿಂಗಳು ಒಂದು ಅಲಾರಮ್ಮೂ ಒಬ್ಬ ತಂಗಿಯೂ ಜೋರಾಗಿ ಪ್ರೀತಿಸಿದ್ದರು. ಊರೆಲ್ಲ ಹೃದಯ ಒತ್ತಿ ಹರಸಿತ್ತು. ಆ ಹೊತ್ತಿನಲ್ಲಿ ಇವನು ರಸ್ತೆ ನೋಡುತ್ತಿದ್ದ, ಇವಳು ನರ ಹುಡುಕುತ್ತಿದ್ದಳು.

"ಭಾನುವಾರ ನಿಮ್ಮಮ್ಮ ಬರೋದು ಬೇಡ," ಎಂದಳು ಅವಳು. "ಬಂದು ಯಾರನ್ನ ಕೇಳ್ತಾರೆ?"

ಅವನು ತಲೆಯಾಡಿಸಿದ. ಅವಳು ಇಳಿಯಲು ಬ್ಯಾಗ್ ಹೆಗಲಿಗೇರಿಸಿದಳು. ಅವನು ಮೆಟ್ಟಿಲಿನಿಂದ ಏಳದೆ, ಮುಖ ಎತ್ತದೆ, ಬಹಳ ಹೆದರಿಕೊಂಡು ಕೇಳಿದ.

"ಒಂದೇ ಒಂದು ಹೇಳಿ ಹೋಗು. ಅಜ್ಜಿ ವಿಷಯ ಬರೆದಿದ್ನಲ್ಲ, ಅದಕ್ಕೂ ಪುಟ್ಟೀನೇ ಉತ್ತರ ಕೊಟ್ಟಿದ್ದಾ?"

ಅವಳ ಕಾಲು ನಿಂತಿತು. "ಅಜ್ಜಿ ವಿಷಯ ಆ ಪೇಜಿಂದ ಎತ್ತಿದ್ದಲ್ವಾ?"

"ಅಂಥದ್ದು ಯಾವ ಪೇಜಲ್ಲಿರುತ್ತೆ? ಆ ವಾರ ಟೈಮ್ ಹಾಕೋದೇ ಮರೆತಿದ್ದೆ. ಹನ್ನೊಂದಕ್ಕೆ ಡಿಪೋಗೆ ಬಂದು, ನಿಂತಲ್ಲೇ ಬರೆದಿದ್ದು."

ಅದು ಅವಳಿಗೆ ಬಾಯಿಪಾಠವಾಗಿತ್ತು. 'ಇವತ್ತು ಒಬ್ಬರು ಅಜ್ಜಿಗೆ ಸ್ಟಾಪ್ ತಪ್ಪಿಹೋಯ್ತು. ಬಸ್ ನಿಲ್ಲಿಸಿ ಕೈ ಹಿಡಿದು ರಸ್ತೆ ದಾಟಿಸಿ ಬಂದೆ. ಎಲ್ಲರೂ ಬೈದರು. ಯಾಕೋ ನಿಂಗೆ ಹೇಳಬೇಕು ಅನ್ನಿಸ್ತು.' ಅವತ್ತು ಪುಟ್ಟಿ ಲ್ಯಾಬಿಗೇ ಫೋನ್ ಮಾಡಿದ್ದಳು. "ಅಕ್ಕಾ, ಭಾವ ಇವತ್ತು ತೀರಾ ಸಪ್ಪೆ, ಯಾವ್ದೋ ಅಜ್ಜಿ ಕಥೆ ಹಾಕಿದಾನೆ. ಇದಕ್ಕೆ ನೀನೇ ಏನಾದ್ರೂ ಗೀಚು," ಅಂದಿದ್ದಳು.

"ಬೈದೋರ ಮನೇಲೂ ಅಜ್ಜಿ ಇರ್ತಾರೆ," ಅವನು ನೆಲ ನೋಡುತ್ತಲೇ ಅವತ್ತು ಬಂದ ಉತ್ತರವನ್ನು ಹೇಳತೊಡಗಿದ. "ನನಗೂ ಇವತ್ತು ಒಂದು ಮಗುವಿನ ನರ ಸಿಗಲಿಲ್ಲ."

"ಮೂರು ಸಲ ಚುಚ್ಚಿದೆ," ಅವಳು ಮುಂದುವರಿಸಿದಳು. "ಆಮೇಲೆ ಬಾತ್ರೂಮಿಗೆ ಹೋಗಿ ನಾನೂ ಅತ್ತೆ."

ಅವನು ಈಗ ಮುಖ ಎತ್ತಿದ. ಹನ್ನೊಂದು ಭೇಟಿಗಳಲ್ಲಿ ಒಮ್ಮೆಯೂ ಅವಳು ಆ ಕಣ್ಣುಗಳನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಬಲಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇತ್ತು. ಏಳು ತಿಂಗಳಲ್ಲಿ ಅದನ್ನು ನೋಡಿಯೇ ಇಲ್ಲವಲ್ಲ ಎಂದು ಅವಳಿಗೆ ಮತ್ತೆ ಗಾಬರಿಯಾಯಿತು.

"ಅದು ನಾನೇ ಬರೆದಿದ್ದು," ಎಂದಳು. "ಅದೊಂದು ಮಾತ್ರ."

"ಅಮ್ಮನಿಗೆ ನಿನ್ನ ವಿಷಯ ಹೇಳಿದ್ದು ಅವತ್ತೇ," ಎಂದ ಅವನು. "ಅದನ್ನ ಓದಿದ ಮೇಲೆ."

ಹೊರಗೆ ಕಂಡಕ್ಟರ್ ಸೀಟಿ ಊದಿದ. ಅವನು ಎದ್ದು ತನ್ನ ಸೀಟಿಗೆ ಹೋಗಿ, ಬೆಲ್ಟ್ ಎಳೆದುಕೊಂಡು, ಕನ್ನಡಿ ಸರಿಮಾಡಿದ. ಅವಳು ಇಳಿಯಲಿಲ್ಲ. ಅದೇ ಕಂಬಿ ಹಿಡಿದು ನಿಂತಳು.

"ಭಾನುವಾರ?" ಕನ್ನಡಿಯೊಳಗಿನಿಂದ ಅವನು ಕೇಳಿದ.

"ಬರಲಿ. ಹೂಂ ಅಂತ ನಾನೇ ಹೇಳ್ತೀನಿ. ಪುಟ್ಟಿ ಕೈಲಿ ಹೇಳಿಸಲ್ಲ."

ಮರುದಿನ ಆರು ನಲವತ್ತಕ್ಕೆ ಏನೂ ಬರಲಿಲ್ಲ, ಆಮೇಲೂ ಬರಲಿಲ್ಲ. ಉಳಿದ ದಿನಗಳ ಮೆಸೇಜುಗಳನ್ನೆಲ್ಲ ಅವನು ಅಳಿಸಿಬಿಟ್ಟಿದ್ದ. ಶನಿವಾರ ಬೆಳಗ್ಗೆ ಪುಟ್ಟಿ ಲ್ಯಾಬಿಗೆ ಫೋನ್ ಮಾಡಿ ಅಳುವ ಧ್ವನಿಯಲ್ಲಿ ಹೇಳಿದಳು, "ಅಕ್ಕಾ, ಬೆಂಕಿ ಆರಿಹೋಯ್ತು. ಸೊನ್ನೆ ತೋರಿಸ್ತಿದೆ. ಏನ್ ಜಗಳ ಆಡ್ಕೊಂಡ್ರಿ?"

"ಏನಿಲ್ಲ, ನೀನು ಓದ್ಕೋ ಹೋಗು," ಎಂದಳು ಅಕ್ಕ.

ಹನ್ನೊಂದಕ್ಕೆ ಗ್ಲೌಸು ಬಿಚ್ಚಿ ಲಾಕರ್ ತೆರೆದಾಗ ಫೋನಿನಲ್ಲಿ ಒಂದು ಮೆಸೇಜಿತ್ತು. ಆಗಷ್ಟೇ ಬಂದಿತ್ತು.

'ಇವತ್ತು ಹೇಳೋಕೆ ಏನೂ ಇಲ್ಲ. ಎಲ್ಲರೂ ಅವರವರ ಸ್ಟಾಪಲ್ಲೇ ಇಳಿದರು.'

ಅವಳು ಅದನ್ನು ಮೂರು ಸಲ ಓದಿದಳು. ಸಂಜೆ ಮನೆಗೆ ಹೋದ ಮೇಲೆ ಬೀರುವಿನ ಬಾಗಿಲಿಂದ ಬೀದಿ ದೀಪದ ಸಾಲನ್ನು ಕಿತ್ತು, ಅದೇ ಜಾಗದಲ್ಲಿ ಇದನ್ನು ಬರೆದು ಅಂಟಿಸಿದಳು.