ಬಾಗಿಲಲ್ಲಿ ನಿಂತ ಮೇಡಂ

"ಸರ್, ನಿಮ್ಮ ತಾಸು ಮುಗದು ಕಾಲು ತಾಸಾತು. ನಾ ಇಲ್ಲೇ ಬಾಗಲದಾಗ ಬೇರು ಬಿಡಬೇಕೇನ್ರಿ?"

ಅದು ತೊಂಬತ್ತೆಂಟನೆಯ ಇಸವಿ. ಧಾರವಾಡದ ಕಾಲೇಜೊಂದರ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಅಧ್ಯಾಪಕಿಯಾಗಿ ಹೊಸದಾಗಿ ಸೇರಿದ್ದ ಸಂಪದಾ ಹಾಜರಿ ಪುಸ್ತಕ ಎದೆಗೊತ್ತಿಕೊಂಡು ನಿಂತಿದ್ದಳು. ಮುಂಜಾನೆಯ ಮೊದಲ ತಾಸು ಸಹೋದ್ಯೋಗಿ ಹನಮೇಶನದು, ಎರಡನೆಯದು ಇವಳದು.

ಅವನು ತಿರುಗಿಯೂ ನೋಡಲಿಲ್ಲ. "ಇದೊಂದ ಲೆಕ್ಕ ರೀ ಮೇಡಂ..."

ದಿನಾ ಇದೇ ಮಾತು. ದಿನಾ ಸೀಮೆಸುಣ್ಣದ ಧೂಳು ಮೆತ್ತಿದ ಅದೇ ಅಂಗಿ.

ಇವರಿಗಷ್ಟೇ ಕೆಲಸದ ಮೇಲೆ ಪ್ರೀತಿಯೇ? ನಾನೇನು ಹೊತ್ತು ಕಳೆಯಲು ಬರುತ್ತೇನೆಯೇ?

ಇಷ್ಟು ಸಿಟ್ಟಿನಲ್ಲೂ ಕಣ್ಣು ಆ ಅಂಗಿಯತ್ತಲೇ ಹೋಗುತ್ತದಲ್ಲ... ಅದೊಂದು ಬೇರೆ ಸಿಟ್ಟು.

ಕಡೆಗೆ ಮುಖ್ಯಸ್ಥ ಬಿಂದುಮಾಧವ ಸರ್‌ಗೆ ದೂರು ಹೇಳಿದಳು.

"ತಂಗಿ, ಕಲಿಸಲಿಕ್ಕೆ ನಿಂತ್ರ ಅಂವಗ ಊಟಾನೂ ನೆನಪಿರೂದಿಲ್ಲ. ಹೇಳಿ ನೋಡ್ತೇನಿ ತಗೋ."

ಮರುದಿನ ಗಂಟೆಯಾದ ಕೂಡಲೇ ಹನಮೇಶ ಹೊರಬಂದ. "ಬರ್ರಿ ಮೇಡಂ." ಅಷ್ಟೇ.

ಗೆದ್ದೆ ಎನಿಸಬೇಕಿತ್ತು... ಎನಿಸಲಿಲ್ಲ.

ವಾರ ಕಳೆಯಿತು. ಹಿಂದಿನ ಬೆಂಚಿನವರು ಪಿಳಿಪಿಳಿ ನೋಡುತ್ತಿದ್ದರು.

"ಯಾಕ, ಮೊದಲನೇ ತಾಸಿನ್ಯಾಗ ಇದನ್ನ ಹೇಳಿಲ್ಲೇನು?"

"ಹೇಳ್ಯಾರ್ರೀ ಮೇಡಂ. ನಮ್ಮ ಅಮ್ಮಿನಬಾವಿ ಬಸ್ಸ ತಡಾ ಬರತೈತಿ," ಎಂದಳು ವಿದ್ಯಾರ್ಥಿನಿ ಕಾವೇರಿ. "ನಮಗ ತಪ್ಪಿದ್ದನ್ನ ಸರ್ ಕಡೀಕ ಮತ್ತ ಹೇಳತಿದ್ರು. ಈಗ ಬಿಟ್ಟಾರ. ನೌಕರೀನೂ ಬಿಡಾಕತ್ತಾರಂತ, ಖರೇ ಏನ್ರಿ?"

ಸಂಪದಾ ಬರೆಯುತ್ತಿದ್ದ ಸೂತ್ರ ಅರ್ಧಕ್ಕೇ ನಿಂತಿತು.

ತಾಸು ಮುಗಿದದ್ದೇ ಸ್ಟಾಫ್ ರೂಮಿಗೆ ಧಾವಿಸಿದಳು. ಹನಮೇಶ ಒಬ್ಬನೇ ಚಹಾ ಕುಡಿಯುತ್ತಿದ್ದ.

"ಬಸ್ಸಿನ ಸುದ್ದಿ ಬಾಯಿ ಬಿಟ್ಟ ಹೇಳಲಿಕ್ಕೆ ಏನಾಗಿತ್ರಿ ನಿಮಗ?"

"ನಿಮ್ಮ ತಾಸ ಕದ್ದಿದ್ದಂತೂ ಖರೇನ ಅಲ್ರಿ. ಏನಂತ ಹೇಳ್ಲಿ?" ಅವನ ದನಿ ಬಾಡಿತ್ತು. "ನಾನೂ ಅದ ಬಸ್ಸಿನ್ಯಾಗ ಬಂದು ಕಲ್ತಾಂವ. ಅರ್ಧಾ ಹುಡುಗರಿಗೆ ಕಲಿಸಿ ಮನಿಗೆ ಹೋದ್ರ ಸಮಾಧಾನ ಆಗವಲ್ಲದು. ಅದಕ್ಕ ಹುಬ್ಬಳ್ಳ್ಯಾಗ ಬ್ಯಾಂಕಿನ ಕೆಲಸಾ ಒಪ್ಕೊಳ್ಳಾಕತ್ತೇನಿ."

"ಬ್ಯಾಂಕಿನ್ಯಾಗ 'ಇದೊಂದ ಲೆಕ್ಕ' ಅಂತ ಯಾರ ಮುಂದ ಅಂತೀರಿ?" ಗದರಿದಳು. ಗದರುತ್ತಲೇ ಕಣ್ಣು ತುಂಬಿತು. "ನನ್ನ ತಾಸಿನ್ಯಾಗ ಕಾಲು ತಾಸು ನಿಮ್ಮದು. ಬಿಂದುಮಾಧವ ಸರ್‌ಗೆ ನಾನ ಹೇಳ್ತೇನಿ. ಹೋಗಬ್ಯಾಡ್ರಿ."

"ಹುಡುಗರ ಸಲುವಾಗಿ ಏನ್ರಿ?"

"ಹುಡುಗರ ಸಲುವಾಗಿ ಅಷ್ಟ ಅಂದ್ರ... ಸುಳ್ಳಾಗ್ತದ."

ಹನಮೇಶ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ.

"ಹಂಗಾರ ಬರೇ ಕಾಲು ತಾಸೇನ್ರಿ ನನಗ?"

"ಉಳಿದದ್ದಕ್ಕ ಮನಿಗೆ ಬಂದು ಅಪ್ಪಾನ್ನ ಕೇಳ್ರಿ."

"ಮಾತಿಗೆ ಕೂತ್ರ ನಾ ಲಗೂ ಏಳೂದಿಲ್ಲ, ಗೊತ್ತೈತೆಲ್ರಿ?"

"ಬಾಗಲದಾಗ ನಿಂತಿರ್ತೇನಿ," ಎಂದಳು ಸಂಪದಾ. "ರೂಢಿ ಅದ ನನಗ."